ಕೊಂಡದ್ದು

ನದೀಮೂಲ, ಋಷಿಮೂಲ ಕೇಳಬಾರದಂತೆ.
ಮಸ್ಕತ್ತಿನಲ್ಲಿ, ಮತ್ರಾ ಬಂದರಿನ ಹಿಂದಿನ ಈ ಉಗ್ರಾಣದಲ್ಲಿ
ನನಗೆ ಸಂಬಳವೇ ಮೂಲ ಕೇಳುವುದಕ್ಕೆ.

ಒಳಗೆ ಹದಿನೆಂಟು ಡಿಗ್ರಿ. ಹೊರಗೆ ನಲವತ್ತಾರು.
ಬಸ್ತ್ಯಾಂವ ಪೆಟ್ಟಿಗೆ ಬಿಚ್ಚಿ
ನಿದ್ದೆಹೋದ ಕೂಸನ್ನು ದಾಟಿಸುವ ಹಾಗೆ
ನನ್ನ ಕೈಗಿಟ್ಟ: ಮಣಿಯ ಡಾಬು,
ಕೆಂಪು, ಬಿಳಿ, ಕಾಡಿಗೆಗಪ್ಪು.

ಜೊತೆಗೊಂದು ಚೀಟಿ, ಓರೆ ಬರಹ:
ಮೊಂಬಾಸದ ಒಳನಾಡು, 1896.
ಕ್ಯಾಪ್ಟನ್ ಟ್ರೆಡ್ವಿನ್ ಸಂಗ್ರಹಿಸಿದ್ದು.
ಮಾಡಿದವರು: ತಿಳಿದಿಲ್ಲ.

ಕ್ಯಾಪ್ಟನ್ನನ ಮೂರೂ ಹೆಸರು ತಿಳಿದಿದೆ,
ಪಟಾಲಂ, ಪದಕ, ಅವನ ನಾಯಿಯ ಹೆಸರು ಸಹ.
ದಿನಚರಿಯ ನಕಲು ಬಂದಿದೆಯಲ್ಲ:
ಜೂನ್ ಒಂಬತ್ತು, ಮೂರು ಹಳ್ಳಿ ಸುಟ್ಟೆವು. ನಾಯಿಗೆ ಜ್ವರ.
ಜೂನ್ ಹತ್ತು, ಕೆಲವು ಸೊಗಸಾದ ವಸ್ತು ದೊರೆತವು.

ಪರದೆಯ ಮೇಲೆ ಖಾನೆ ಕಾಯುತ್ತಿದೆ,
ಕೊಟ್ಟದ್ದೋ, ಕೊಂಡದ್ದೋ.
ನನ್ನ ಭಾಷೆಯಲ್ಲಿ ಕೊಂಡರು ಅಂದರೆ
ಕಾಸು ಎಣಿಸಿದರು ಎಂದೂ ಆಗುತ್ತದೆ
ಎತ್ತಿಕೊಂಡು ಹೋದರು ಎಂದೂ.
ಕೈ ತುಸು ಜಾರಿದರೆ
ಕೊಂದರು.
ಇಲ್ಲಿ ಇಂಗ್ಲಿಷು, ಅರಬ್ಬಿ ಎರಡೇ. ಕೈ ಜಾರುವಂತಿಲ್ಲ.

ರಯ್ಯಾ ದೀಪದಡಿ ಬಗ್ಗಿ ನೋಡಿ
'ಉಶಾಂಗ' ಅಂದಳು. ಜಂಜಿಬಾರಿನ ಅಜ್ಜಿಯ ಮಾತು,
ಕಚೇರಿಯಲ್ಲಿ ಆಡುವುದಿಲ್ಲ ಅವಳು.
ಈ ಕೆಂಪಿಗೆ ಒಂದು ಹೆಸರಿತ್ತಂತೆ: ಊರು ಮುರಿಯುವುದು.
ಇದರ ಆಸೆಗೆ ಕಣಜ ಬರಿದು ಮಾಡಿಕೊಳ್ಳುತ್ತಿದ್ದರಂತೆ.
ಮನೆಮುರುಕರನ್ನು ಕಂಡಿದ್ದೇನೆ.
ಊರುಮುರುಕ ಇಷ್ಟು ಸಣ್ಣದೆ, ರಾಗಿಕಾಳಿನಷ್ಟು?
ಗಾಜು ವೆನಿಸ್ಸಿನದು. ಹಡಗು ಬೊಂಬಾಯಿಯದು.
ಸಾಲ ಕೊಟ್ಟವನು ಇದೇ ಮತ್ರಾದ ಕಚ್ಛಿ ಸಾಹುಕಾರ,
ಅವನ ಬಡ್ಡಿಲೆಕ್ಕ ಎರಡನೇ ಕಪಾಟಿನಲ್ಲಿ ಇದೆ.
ನಾವೂ ಇದ್ದೇವೆ ಈ ದಾರದಲ್ಲಿ.

ಅಳತೆ ಹಿಡಿದೆ. ಇಪ್ಪತ್ತೆರಡು ಅಂಗುಲ,
ನನ್ನ ಮಗಳ ಲಂಗದ್ದೂ ಅಷ್ಟೇ.
ಎಡಗಡೆ, ಬಿಳಿ ಬರಬೇಕಾದಲ್ಲಿ
ಏಳು ನೀಲಿ.
ಬಿಳಿ ಮುಗಿದಿತ್ತೋ, ಬೇಕೆಂದೇ ಇಟ್ಟಳೋ.
'ತಪ್ಪು ಅಂತ ಬರೀಬ್ಯಾಡ್ರಿ' ಅಂದ ಬಸ್ತ್ಯಾಂವ,
'ನಮ್ಮವ್ವ ಕೌದಿ ಮೂಲೀಗೆ ಬ್ಯಾರೆ ಬಣ್ಣದ ತುಂಡು ಹಚ್ಚತಾಳ.
ಅದಿಲ್ದ ಕೌದಿ ಬೆತ್ತಲ ಅಂತಾಳ.'

ಗೇಟಿನಲ್ಲಿ ಅವನನ್ನೂ ಕೇಳುತ್ತಾರೆ, ಮೂಲ ಎಲ್ಲಿ?
ಹಳಿಯಾಳ.
ಅದಕ್ಕೂ ಹಿಂದೆ?
ಹಳಿಯಾಳದ ಹತ್ತರ, ಕಾಡಾಗ.
ಆಮೇಲೆ ಊಟದ ಡಬ್ಬಿ ಎತ್ತಿಕೊಂಡು ಒಳಗೆ ಬರುತ್ತಾನೆ.

ತಪ್ಪು ಎಂದು ಬರೆಯಲಿಲ್ಲ.
ಏಳು ನೀಲಿ, ಮಾಡಿದವಳ ತೀರ್ಮಾನ, ಎಂದು ಒತ್ತಿದೆ.
ನಾಳೆ ಯಾರಾದರೂ ಅಳಿಸಬಹುದು.
ಕೊನೆಗೆ ಉಳಿದ ಖಾನೆ, ಸ್ಥಿತಿ.
ಭೂತಗನ್ನಡಿ ಇಟ್ಟು ನೋಡಿದೆ:
ಕೊಂಡಿ ಇನ್ನೂ ಹಾಕಿಯೇ ಇದೆ.
ಹರಿದಿರುವುದು ಅದರ ಪಕ್ಕ.