ಸಾಮಾನಿನ ವಹಿ

ಬೆಟಗೇರಿಯ ಮಗ್ಗದ ಓಣಿ ದಾಟಿ ಎಡಕ್ಕ ಹೊಳ್ಳಿದ್ರ
ನಮ್ಮ ವೃದ್ಧಾಶ್ರಮ. ಇಪ್ಪತ್ತಾರು ಮಂಚ, ಒಂದು ಕಪಾಟು,
ಕಪಾಟಿನ ಕೀಲಿ ನನ್ನ ಸೊಂಟದಾಗ.

ಹೊಸಬರು ಬಂದ್ರ ಮೊದಲ ಚಾ ಕೊಡತೀನಿ,
ಆಮ್ಯಾಲ ವಹಿ ತಗೀತೀನಿ.
ಏನೇನು ತಂದೀರಿ, ಹೇಳ್ರಿ.
ಒಬ್ಬೊಬ್ಬರು ನಾಚತಾರ, ಎಣಸಾಕ ಏನೂ ಇಲ್ಲಂತ.
ಒಬ್ಬೊಬ್ಬರು ನನ್ನ ಮಾರಿ ನೋಡಿ
ಗಂಟು ತೊಡಿ ಕೆಳಗ ಸರಸತಾರ.

ಗುರುಶಿದ್ದವ್ವ: ಬೆಳ್ಳಿ ಗುಂಡಗಡಗಿ ಒಂದು
(ಬಿಚ್ಚಿ ತೂಕ ಮಾಡಾಕ ಕೊಡಲಿಲ್ಲ),
ಇಳಕಲ್ ಸೀರಿ ಎರಡು, ಒಂದರ ಸೆರಗಿಗೆ ತ್ಯಾಪಿ.
ಮಾಬೂಬಿ: ತಸಬಿ, ಚಸ್ಮಾ, ಕೌದಿ.
ಕೌದಿಯೊಳಗ ಏನೋ ಗಟ್ಟಿ ಹತ್ತತೈತಿ ಕೈಗೆ.
ಕೇಳಿದ್ರ, ನಿನಗ್ಯಾಕ ಅಂದಳು.
ಹಂಗ ಬರದೆ: ಏನೋ ಗಟ್ಟಿ, ಒಂದು.
ದೇವದಾನಪ್ಪ ಮಾಸ್ತರು: ಕಿವಿಯ ಮಷೀನು.
ಬರಕೊಳ್ಳಾಕ ಅದನ್ನ ತಗದು ಕೊಟ್ಟರು,
ಮುಂದ ಕೇಳಿದ್ದು ಯಾವದೂ ಅವರಿಗೆ ಕೇಳಲಿಲ್ಲ.

ನಮ್ಮಪ್ಪ ಮಗ್ಗದಾಗ ಇದ್ದಾಂವ. ಅಂಚಿಗೆ ಉಳದ
ಕೆಂಪು ದಾರ ಡಬ್ಬಿ ತುಂಬ ಐತಿ.
ಅದರಲೆ ಹೆಸರು ಹೊಲಿತೀನಿ,
ಕುಬಸದ ಕೊಳ್ಳಿನ ಹಿಂದ, ಧೋತರದ ಮೂಲಿಗೆ.
ಹಲ್ಲಿನ ಸೆಟ್ಟಿಗೆ ಮಾತ್ರ ಹೊಲಿಯಾಕ ಬರಂಗಿಲ್ಲ.
ಗ್ಲಾಸು ಅದಲಬದಲಾಗಿ ಮೂರು ದಿನ
ಚಂಬವ್ವನ ಹಲ್ಲಿಲೆ ಮಾಬೂಬಿ ರೊಟ್ಟಿ ಕಡದಳು.
ಇಬ್ಬರೂ ಅಂದದ್ದು ಒಂದ:
ಯಾಕೋ ಈ ಸಲ ರೊಟ್ಟಿ ಬಿರುಸು.

ಹೋದದ್ದೆಲ್ಲ ಕಳವಲ್ಲ ಅಂತ ಕಲತೀನಿ.
ಗುರುಶಿದ್ದವ್ವನ ಸೀರಿ ಒಗಿಯಾಕ ಹೋಗಿ
ನೀಲಮ್ಮನ ಮೈಮ್ಯಾಲ ಬಂತು ಒಮ್ಮಿ.
ನೀಲಮ್ಮಗ ತನ್ನ ಹೆಸರೂ ನೆನಪಿಲ್ಲ.
ಬಿಚ್ಚಸಾಕ ಹೋದ್ನಿ. ಗುರುಶಿದ್ದವ್ವ ಕೈ ಹಿಡದಳು:
ಇರಲಿ ಬಿಡ. ನಾ ಉಟ್ರ ನನಗ ಬರೇ ನಿರಿಗಿ ಕಾಣತಾವು,
ಆಕಿ ಉಟ್ರ ಪೂರಾ ಸೀರಿ ಕಾಣತೈತಿ.

ಆದ್ರ ಚಂಬವ್ವನ ಮೂಗಬಟ್ಟು
ಒಗಿಯಾಕ ಹೋದದ್ದಲ್ಲ.
ಜ್ವರದ ರಾತ್ರಿ, ಮಾತ್ರಿ ನುಂಗಿ ಮಲಗಿದಾಗ
ಯಾರೋ ತಿರುಪು ಬಿಚ್ಚ್ಯಾರ. ಮುಂಜಾನೆ
ತೂತಿನ ಸುತ್ತ ಒಣಗಿದ ರಕ್ತ, ಸಾಸಿವಿ ಕಾಳಿನಷ್ಟು.
ಅಳಲಿಲ್ಲ ಆಕಿ. ಬೆರಳಿಲೆ ಮುಟ್ಟಿ ಮುಟ್ಟಿ ನೋಡಿ ಕೇಳಿದಳು:
ವಹಿಯೊಳಗ ಐತಲ್ಲ?
ಐತಿ. ಏಳು ಕಲ್ಲಿಂದು. ಕೆಳಗ ನನ್ನ ಸಹಿ.

ಆವತ್ತು ರಾತ್ರಿಪಾಳಿ ಹುಲಿಗೆವ್ವಂದು.
ಹದಿನೆಂಟರ ಹುಡುಗಿ,
ಮುದುಕರ ಉಗುರು ತಗಿಯೂದರಾಗ ಬಲು ನಾಜೂಕ.
ಕೆಲಸಕ್ಕ ಹಚ್ಚಿದಾಕಿ ನಾನ. ಆಕಿ ಚೀಲ
ಎಲ್ಲಾರ ಮುಂದ ಅಂಗಳದಾಗ ಸುರುವಿದಾಕಿನೂ ನಾನ.
ಬಿದ್ದದ್ದು: ಅರ್ಧ ರೊಟ್ಟಿ, ಶೇಂಗಾ ಚಟ್ನಿಪುಡಿ ಪೊಟ್ಟಣ,
ಪರೀಕ್ಷಾಕ್ಕ ಫೀ ಕಟ್ಟಿದ ಪಾವತಿ, ಹಣಗಿ.
ಮಾಸ್ತರು ಮಷೀನು ಕಿವಿಯಿಂದ ತಗದು ಕಿಸೆಕ್ಕ ಹಾಕಿಕೊಂಡರು.
ಆಕಿ ಕುಂತು ಆರಿಸಿಕೊಂಡಳು, ಪಾವತಿ ಮೊದಲ.
ಗೇಟಿನ ಹತ್ತರ ಹೋಗಿ ಚಪ್ಪಲಿ ಝಾಡಿಸಿದಳು.

ಮೂಗಬಟ್ಟು ಸಿಗಲಿಲ್ಲ. ಪೊಲೀಸರು ಬಂದು ಚಾ ಕುಡದು ಹೋದ್ರು.
ಟ್ರಸ್ಟಿನವರು ಕ್ಯಾಮೆರಾ ಹಚ್ಚಿಸ್ಯಾರ,
ಅದು ಹಗಲು ರಾತ್ರಿ ತುಳಸಿಕಟ್ಟಿ ನೋಡಿಕೋತ ನಿಂತೈತಿ.
ಈಗ ಮಾತ್ರಿ ಕೊಡೂಕಿಂತ ಮೊದಲ ಒಡವಿ ಬಿಚ್ಚಿಸಿ
ಕಪಾಟಿನಾಗ ಇಡತೀನಿ, ಇಬ್ಬರ ಸಹಿ ತಗೋತೀನಿ.
ಚಂಬವ್ವ ಮೂಗಿಗೆ ಬೇವಿನ ಕಡ್ಡಿ ಚುಚ್ಚಿಕೊಂಡಾಳ,
ತೂತು ಮುಚ್ಚಬಾರದಂತ.

ವಾರ ಬಿಟ್ಟು ಅಂಗಳ ಕಸಾ ಹೊಡಿಯೂಮುಂದ
ಕಲ್ಲಿನ ಸಂದ್ಯಾಗ ಹಣಗಿ ಕಂಡಿತು. ಎರಡು ಹಲ್ಲು ಮುರದದ್ದು.
ಅರಿವಿ ತುಣುಕಿಗೆ ಹುಲಿಗೆವ್ವ ಅಂತ ಹೊಲದು
ಅದಕ್ಕ ಕಟ್ಟೀನಿ, ವಹಿಯೊಳಗ ಏರಿಸೀನಿ.
ಪಡೆದವರ ಸಹಿ ಅನ್ನೂ ಜಾಗಾ ಖಾಲಿ.
ಆಕಿ ಈಗ ಎಪಿಎಂಸಿ ಹಿಂದ
ಮೆಣಸಿನಕಾಯಿ ತುಂಬು ಬಿಡಸಾಕ ಹೋಗತಾಳಂತ,
ಹತ್ತು ನಿಮಿಷದ ದಾರಿ.
ಇವತ್ತೂ ಚಪ್ಪಲಿ ಮೆಟ್ಟಿದ್ನಿ. ಬಿಟ್ನಿ.
ಹೊಸಬರು ಬಂದಾರ, ಅವರ ಕುಬಸಕ್ಕ
ಸೂಜಿಗೆ ದಾರ ಪೋಣಸಾಕ ಹತ್ತೀನಿ.