ಕಲಂ ಮೂರು

ಸುತ್ತೋಲೆ ಬಂದದ್ದು ಸೋಮವಾರ,
ಬುಧವಾರದೊಳಗೆ ನೀತಿ ಬೇಕಂತೆ:
ಯಂತ್ರ ಬರೆದದ್ದು ಯಾವುದು, ಹುಡುಗರು ಬರೆದದ್ದು ಯಾವುದು,
ಎಷ್ಟು ಬೆರೆತರೂ ಹಾಲು, ಎಷ್ಟಾದ ಮೇಲೆ ನೀರು.
ಹದಡಿ ರಸ್ತೆಯ ನಮ್ಮ ಕಾಲೇಜಿನಲ್ಲಿ
ಐದು ಕುರ್ಚಿ, ಒಂದು ಫ್ಯಾನು, ಒಂದು ತಟ್ಟೆ ಖಾರಮಂಡಕ್ಕಿ,
ಕರಡಿನ ಎರಡನೇ ಪುಟಕ್ಕೆ ಬಜ್ಜಿಯ ಎಣ್ಣೆ.

ವಾಣಿಜ್ಯದ ಕೊಟ್ರೇಶಪ್ಪನವರು ಪೂರ್ತಿ ನಿಷೇಧ ಎಂದರು.
ಭೌತಶಾಸ್ತ್ರದ ಹುಡುಗ, ಇನ್ನೂ ಅತಿಥಿ ಉಪನ್ಯಾಸಕ,
'ಕ್ಯಾಲ್ಕುಲೇಟರ್ ಬಂದಾಗಲೂ ಹಿಂಗೇ ಅಂದಿದ್ರಂತೆ ಸಾರ್' ಎಂದು
ತನಗೆ ಮತವಿಲ್ಲದ್ದು ನೆನಪಾಗಿ
ಮೆಣಸಿನಕಾಯಿಯ ತೊಟ್ಟು ನೋಡುತ್ತ ಕೂತ.
ಪತ್ತೆ ಹಚ್ಚುವ ತಂತ್ರಾಂಶವೂ ಇದೆಯಲ್ಲ ಎಂದರು ಯಾರೋ.
ಅದಕ್ಕೆ ಹೋದ ವರ್ಷ ನನ್ನದೇ ಹಳೆಯ ಪ್ರಬಂಧ ಉಣಿಸಿ ನೋಡಿದ್ದೆ:
ನೂರಕ್ಕೆ ಎಪ್ಪತ್ತೊಂದು ಪಾಲು ಯಂತ್ರವಂತೆ ನಾನು.
ತೊಂಬತ್ತೆಂಟರಲ್ಲಿ ಬರೆದದ್ದು, ಕೈಯಲ್ಲಿ,
ಮಗ್ಗುಲಲ್ಲಿ ಜ್ವರ ಬಂದ ಮಗು.

ಅದಕ್ಕೇ ಕಲಂ ಮೂರು ನನ್ನದು:
'ಬರೆದುದನ್ನು ವಿದ್ಯಾರ್ಥಿಯು ಎದುರು ಕೂತು
ಐದು ನಿಮಿಷ ಬಾಯಲ್ಲಿ ಹೇಳತಕ್ಕದ್ದು.'
ಎರವಲು ಮಾತು ಐದು ನಿಮಿಷ ಬಾಳುವುದಿಲ್ಲ ಎಂದೆ.
ಎಲ್ಲರೂ ತಲೆದೂಗಿದರು.
ಆ ರಾತ್ರಿ ಒಳ್ಳೆಯ ನಿದ್ದೆ.

ಮೊದಲ ಶುಕ್ರವಾರ, ಹನ್ನೊಂದನೆಯವಳು ಮೆಹಜಬೀನ್.
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುತ್ತಾಳೆ,
ದುಪಟ್ಟಾದ ಅಂಚಿಗೆ ಹೊಟ್ಟು ಸುಟ್ಟ ವಾಸನೆ.
ಹದಿನಾಲ್ಕು ಪುಟ: ಭಟ್ಟಿಯ ಹೆಂಗಸರ ಕೂಲಿ ಲೆಕ್ಕ.
ವಾಕ್ಯಗಳಿಗೆಲ್ಲ ಇಸ್ತ್ರಿ ಹಾಕಿದೆ.
ನನಗೆ ಗೊತ್ತು ಆ ಇಸ್ತ್ರಿ ಎಲ್ಲಿಯದೆಂದು.

'ಹೇಳಮ್ಮ' ಎಂದು ಗಡಿಯಾರ ನೋಡಿದೆ.
ಮ, ಎಂದಳು.
ಮ.
ಕೂಡಿದ ತುಟಿ ಬಿಡಲೊಲ್ಲದು.
ಮೂರು ವರ್ಷ ಹಾಜರಿಗೆ ಬರೀ ಕೈ ಎತ್ತಿದವಳು,
ನಾನದಕ್ಕೆ ನಾಚಿಕೆ ಎಂದು ಹೆಸರಿಟ್ಟಿದ್ದೆ.
ಎರಡು ನಿಮಿಷ. ಮೂರು.
ಮಂಡಕ್ಕಿಯ ಮೊದಲಕ್ಷರದಲ್ಲಿ,
ತನ್ನದೇ ಹೆಸರಿನ ಮೊದಲಕ್ಷರದಲ್ಲಿ ನಿಂತಿದ್ದಾಳೆ,
ಬಾಗಿಲಾಚೆ ಹನ್ನೆರಡನೆಯವನು ಕೆಮ್ಮುತ್ತಾನೆ.
ಮಂಡಕ್ಕಿಯಾ? ಎಂದುಬಿಟ್ಟೆ.
ತಲೆ ತಗ್ಗಿಸಿದಳು.

ಆಮೇಲೆ ಕೈಸನ್ನೆಯಲ್ಲಿ ನನ್ನ ಪೆನ್ನು ಕೇಳಿ
ಕರಡಿನ ಹಿಂಬದಿಗೆ, ಎಣ್ಣೆಕಲೆ ಬಳಸಿಕೊಂಡು ಬರೆದಳು,
ದೀರ್ಘಗಳ ಹಂಗಿಲ್ಲದೆ, ಬೇಗ ಬೇಗ:

'ಕಲಂ ಅಂದ್ರೆ ನಮ್ಮನೇಲಿ ಪೆನ್ನು ಮೇಡಂ.
ಲೆಕ್ಕ ಎಲ್ಲಾ ನಂದೇ. ಹದಿನೇಳು ಭಟ್ಟಿ ತಿರುಗಿದೀನಿ.
ನಂಗೆ ಮಾತು ಬರಲ್ಲ ಅಂತ
ಅವರೇ ಜಾಸ್ತಿ ಮಾತಾಡಿದ್ರು.
ವಾಕ್ಯ ಅದು ಮಾಡಿ ಕೊಟ್ಟಿದ್ದು.
ಅದು ನಾನು ಬರೆಯೋ ತನಕ ಕಾಯ್ತದೆ.
ನೀವೆಲ್ಲ ನನ್ನ ಮಾತು ಮುಗಿಸ್ತೀರಲ್ಲ, ಹಂಗೆ ಮುಗಿಸಲ್ಲ.'

ಮುಗಿಸುವುದೇ ಅದರ ಕಸುಬು ಕಣಮ್ಮ
ಎನ್ನಬೇಕೆನಿಸಿತು. ನನ್ನ ಬಾಯಿಗೆ ಆ ಹಕ್ಕಿರಲಿಲ್ಲ.

ಅವಳಿನ್ನೂ ಬರೆಯುತ್ತಿದ್ದಳು:
'ಒಂದು ಕಡೆ ತಪ್ಪು ಮಾಡೈತೆ.
ಉಪ್ಪುನೀರು ಹಾಕೋರು ಅಂತ ನಾನು ಕೊಟ್ಟಿದ್ದೆ,
ಸಹಾಯಕ ಕಾರ್ಮಿಕರು ಅಂತ ಮಾಡ್ತು. ನಾನು ನೋಡ್ಲಿಲ್ಲ.
ತಮ್ಮ ಓದಿ ಹೇಳಿದಾಗ ಅಮ್ಮಿ ಕೇಳಿದ್ಳು,
ಇದ್ರಾಗೆ ನಾನೆಲ್ಲಿ ಅಂತ.'

ಐದು ನಿಮಿಷ ಎಂದೋ ಮುಗಿದಿತ್ತು.
ಹನ್ನೆರಡನೆಯವನಿಗೆ ನಾಳೆ ಬಾರಪ್ಪ ಎಂದೆ.
ಕಲಂ ಮೂರರಲ್ಲಿ 'ಬಾಯಲ್ಲಿ' ಎಂಬುದನ್ನು ಹೊಡೆದು
ಏನು ಬರೆಯಬೇಕೋ ತಿಳಿಯದೆ ಅಷ್ಟಗಲ ಜಾಗ ಬಿಟ್ಟೆ;
ಸಭೆ ಮತ್ತೆ ಕರೆಯಲು ಪ್ರಾಂಶುಪಾಲರ ಸಹಿ ಬೇಕು,
ಕೊಟ್ರೇಶಪ್ಪನವರಿಗೆ ಇನ್ನೊಮ್ಮೆ ಬಜ್ಜಿ ಬೇಕು.
ಒಂಬತ್ತನೇ ಪುಟ ತೆಗೆದು
ಸಹಾಯಕ ಕಾರ್ಮಿಕರ ಅಡಿಗೆ ಗೆರೆ ಎಳೆದು
ಕಾಗದವನ್ನು ಅವಳ ಕಡೆ ತಿರುಗಿಸಿದೆ.

ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು.
ಅಂಚಿನಲ್ಲಿ, ಇರುಕಿನಲ್ಲಿ, ಬರೆದಳು:
ತಾಹೇರಾ ಬಿ. ಉಪ್ಪುನೀರು.
ದಿನಕ್ಕೆ ಇನ್ನೂರ ಅರವತ್ತು.