ಗುಡ್ಡ ಮುಚ್ಚುವ ದಿನ

ಬೆಳಿಗ್ಗೆ ಎಂಟಕ್ಕೆ ಹಿಮವಲ್ಲ ಇದು, ಒಡೆದ ಹೆಂಚು.
ನಿನ್ನೆಯ ಕೆಸರು ರಾತ್ರಿಯ ಚಳಿಗೆ ಸೆಟೆದು
ನಿನ್ನೆಯವರ ಗೀರುಗಳೆಲ್ಲ ಇದ್ದಲ್ಲೇ ಹೆಪ್ಪುಗಟ್ಟಿ
ಸ್ಕೀ ಊರಿದರೆ ಹಲ್ಲು ಕಟಕಟ.
"ತಡಿ, ಬಿಸಿಲು ಇನ್ನೂ ಕಾಫಿ ಕುಡಿದಿಲ್ಲ" ಅಂದ ವರ್ನನ್,
ಕೆಮ್ಮುವ ಹಸುವಿನ ಮೈಗೆ ಕಿವಿಯಿಟ್ಟ ಹಾಗೆ
ಲಿಫ್ಟಿನ ಮೋಟಾರಿಗೆ ಕಿವಿಯಿಟ್ಟು.

ಹತ್ತೂವರೆಗೆ ಬಂತು ಅದು.
ಮೇಲಿನ ಒಂದಂಗುಲ ಮಾತ್ರ ಸಡಿಲಗೊಂಡು
ಕಾಳುಕಾಳಾಗಿ, ಹರಳುಪ್ಪಿನ ಹದಕ್ಕೆ.
ಈ ಗಡಿಯೂರಿನ ಬಾಯಲ್ಲಿ ಇದರ ಹೆಸರು ಜೋಳ.
ರಾಶಿಯ ಮೇಲೆ ಜಾರಿದ ಹಾಗೆ ಸರ್ರನೆ ಸದ್ದು,
ನೆನೆದ ಕಡೆಗೆ ತಿರುಗುವ ಕಾಲು.
ಐವತ್ತಾರರ ನನ್ನ ಮಂಡಿಯೂ
ಒಂದು ಗಂಟೆಯ ಮಟ್ಟಿಗೆ ಸುಳ್ಳು ಹೇಳಿತು.

ಒಂದೇ ಗಂಟೆ. ಆಮೇಲೆ ಗಂಜಿ.
ಮರದ ನೆರಳಲ್ಲಿ ಓಡುತ್ತಿದ್ದ ಸ್ಕೀ
ಬಿಸಿಲಿಗೆ ಬಿದ್ದೊಡನೆ ಗಕ್ಕನೆ ನಿಲ್ಲುತ್ತದೆ,
ಮೈ ಮಾತ್ರ ಮುಂದೆ.

ಕೆಳಗೆ ಲಿಫ್ಟಿನ ಬಾಯಲ್ಲಿ ನೆಲ ಕಾಣಿಸಿಕೊಂಡಿತ್ತು.
ಗುಲೆಟ್ ಅಣ್ಣತಮ್ಮಂದಿರು ಕಾಡಿನ ಅಂಚಿನಿಂದ
ತಳ್ಳುಗಾಡಿಯಲ್ಲಿ ಹಿಮ ತಂದು ಸುರಿದರು,
ಸಾಲದ್ದಕ್ಕೆ ಎರಡು ಪಿಂಡಿ ಒಣಹುಲ್ಲು.
ಹುಲ್ಲಿನ ಮೇಲೂ ಜಾರಿದರು ಜನ:
ಸ್ನಾನದ ನಿಲುವಂಗಿಯಲ್ಲಿ ಗಣಿತದ ಮೇಷ್ಟ್ರು,
ಬಾಳೆಹಣ್ಣಿನ ವೇಷದ ಇಬ್ಬರು ದಾದಿಯರು,
ಬರೀ ಬನಿಯನ್ನಿನಲ್ಲಿ ಅಂಚೆಯ ಡ್ವೇನ್,
ಕನ್ನಡಕದ ಜಾಗವೊಂದು ಬಿಟ್ಟು ಮುಖವೆಲ್ಲ ಸುಟ್ಟ ಬದನೆ.
ಕರಗಿದ ನೀರಿನ ಹೊಂಡವನ್ನು ಸ್ಕೀ ಮೇಲೇ ದಾಟುವ ಪಂದ್ಯ.
ದಾಟಿದ್ದು ಹನ್ನೊಂದು ವರ್ಷದ ಕೋರಾ ಒಬ್ಬಳೇ.
ಉಳಿದವರೆಲ್ಲ ಮುಳುಗೆದ್ದು, ನಡುಗುತ್ತಾ, ನಗುತ್ತಾ,
ಹೊಗೆಯಾಡುವ ಒಲೆಯ ಸುತ್ತ ಸಾಸೇಜಿಗೆ ಸಾಲು ನಿಂತರು.

ಲಿಫ್ಟಿನ ಅಡಿಯುದ್ದಕ್ಕೂ ಗುಡ್ಡ
ಚಳಿಗಾಲವಿಡೀ ನುಂಗಿದ್ದನ್ನು ಕಕ್ಕುತ್ತಿತ್ತು.
ಕಾರಿನ ಕೀಲಿ. ಮೇಲ್ದವಡೆಯ ಹಲ್ಲುಸೆಟ್ಟು.
ಕಚ್ಚಿ ಬಿಟ್ಟ ಚಾಕೊಲೇಟು, ಕಚ್ಚಿದ ಗುರುತು ಸಮೇತ.
ಒಂಟಿ ಕೈಗವಸುಗಳು ಎಷ್ಟೋ, ಅದರಲ್ಲೊಂದು ಕೆಂಪು,
ಒಳಮಗ್ಗುಲಲ್ಲಿ ಶಾಯಿಯ ಅಕ್ಷರ: ಆರ್. ಪಿ.
ರೋಲಾನ್ ಪೆಲ್ಟಿಯೆ.
ಜನವರಿಯಲ್ಲಿ ಗಸ್ತಿನ ಕೋಣೆಗೆ ನುಗ್ಗಿ
ನನ್ನ ಕೈಗವಸು ಕದ್ದವಳು ನೀನೇ ಅಂತ
ಎಲ್ಲರೆದುರು ಅಂದಿದ್ದ.
ಅಂದಿನಿಂದ ಮಾತಿಲ್ಲ.
ಒದ್ದೆ ಹಿಂಡಿ ಜೇಬಿಗಿಟ್ಟುಕೊಂಡೆ,
ಎಪ್ಪತ್ತು ದಿನದ ಸಿಟ್ಟು ಇಷ್ಟೇ ತೂಕವೇ ಅಂತ.

ನಾಲ್ಕಕ್ಕೆ ಲಿಫ್ಟು ನಿಂತಿತು. ಕುರ್ಚಿಗಳು
ಸ್ವಲ್ಪ ಹೊತ್ತು ತೂಗಿ ಸುಮ್ಮನಾದವು.
ಇನ್ನು ಗಸ್ತಿನವರ ಕೊನೆಯ ಸುತ್ತು:
ತಿರುವು ತಿರುವಿಗೂ ನಿಂತು ಕೂಗಬೇಕು,
"ಯಾರಾದರೂ ಇದ್ದೀರಾ?"
ಉತ್ತರ ಬಾರದಿದ್ದರೆ ಕೆಲಸ ಸರಿಯಾಯಿತು ಅಂತ.
ಇಪ್ಪತ್ತೆರಡು ಚಳಿಗಾಲ ಹೀಗೆ ಕೂಗಿ
ಮೌನವನ್ನು ಸಂಬಳದ ಹಾಗೆ ಎಣಿಸಿಕೊಂಡಿದ್ದೇನೆ.

ಮೊದಲ ತಿರುವು. ಹಿಮದ ಕೆಳಗೆ ನೀರಿನ ಗುಳುಗುಳು.
ಎರಡನೆಯದು. ಬರ್ಚ್ ಮರದಿಂದ ಹನಿ.
ಮೂರನೆಯದರಲ್ಲಿ
"ಇದ್ದೇನೆ" ಅಂತು ಪೊದೆ.

ಸ್ಕೀ ಬಿಚ್ಚಿಟ್ಟು, ಕೊರಡಿನ ಮೇಲೆ ಕೂತು
ಕಿತ್ತಳೆ ಸುಲಿಯುತ್ತಿದ್ದ ರೋಲಾನ್.
"ಗುಡ್ಡ ಮುಚ್ಚಿತು," ಅಂದೆ.
"ಗೊತ್ತು," ಅಂದ.
ಜೇಬಿನಿಂದ ತೆಗೆದು ಎಸೆದೆ ಕೆಂಪನ್ನು.
ಎತ್ತಿಕೊಂಡ, ತಿರುಗಿಸಿದ, ಮೂಗಿನ ಹತ್ತಿರ ಹಿಡಿದ.
"ಇದು ಎಡಗೈಯದು.
ನಾನು ಕಳಕೊಂಡದ್ದು ಬಲಗೈಯದು."

ಆಮೇಲೆ ಅರ್ಧ ಕಿತ್ತಳೆ ಚಾಚಿದ.

ಕೊನೆಯ ಇಳಿಜಾರಿನಲ್ಲಿ ಹಿಮವೇ ಇರಲಿಲ್ಲ.
ಸ್ಕೀ ಹೆಗಲಿಗೇರಿಸಿ, ಬೂಟು ಕೆಸರಿಗೆ ಕೊಟ್ಟು, ಕಿತ್ತು, ಕೊಟ್ಟು
ಇಳಿದೆವು ಇಬ್ಬರೂ,
ಅವನು ಜನವರಿಯ ವಾದವನ್ನು
ಮೊದಲಿನಿಂದ ಶುರುಮಾಡುತ್ತಾ.